ಬಲಗಡೆ ಬರ್ತದಾ?

ಹಳೇ ಕಾರು ಇಟ್ಟುಕೊಂಡವರ ಮನೆಗೆ ಹೋದರೆ ಕಾಫಿ ಕುಡಿದು ಲೋಟ ಕೆಳಗಿಡುವ ತನಕ ಕಾರಿನ ಮಾತು ಎತ್ತಬಾರದು. ಎತ್ತಿದಿರೋ, ಕಾಫಿ ಆರುತ್ತದೆ, ಊಟದ ಹೊತ್ತು ಮೀರುತ್ತದೆ. ಕೊನೆಗೆ ಒಗೆದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೀವು ಶೆಡ್ಡಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾರಿನ ಹಿಂಭಾಗಕ್ಕೆ ಟಾರ್ಚು ಹಿಡಿದಿರುತ್ತೀರಿ.

ಎಂಜಿನ್ ಕೆಟ್ಟಿದ್ದರೆ ಈ ಜನ ಅಷ್ಟು ಮಾತಾಡುವುದಿಲ್ಲ. ಮುಖ ಸಣ್ಣ ಮಾಡಿಕೊಂಡು, ಬ್ಯಾಂಕಿನ ಪಾಸ್‌ಬುಕ್ ಒಮ್ಮೆ ನೋಡಿಕೊಂಡು, ಮೇಸ್ತ್ರಿಗೆ ಫೋನ್ ಮಾಡಿ ಸುಮ್ಮನಾಗುತ್ತಾರೆ. ಇಂಡಿಕೇಟರ್ ಕೆಟ್ಟಾಗ ಮಾತ್ರ ಮಾತಿಗೆ ಬ್ರೇಕ್ ಇರುವುದಿಲ್ಲ. ಎಂಜಿನ್ ಬಿಚ್ಚಲು ಮೇಸ್ತ್ರಿಯೇ ಬೇಕು, ಇಂಡಿಕೇಟರ್ ಬಿಚ್ಚಲು ಒಂದು ಸ್ಕ್ರೂಡ್ರೈವರ್ ಸಾಕು. ಸ್ಕ್ರೂಡ್ರೈವರ್ ಇಲ್ಲದ ಮನೆ ಮೈಸೂರಿನಲ್ಲಿ ಇಲ್ಲ. ಹೀಗಾಗಿ ಬೀದಿಗೆ ಬೀದಿಯೇ ಎಲೆಕ್ಟ್ರಿಷಿಯನ್ ಆಗುತ್ತದೆ.

ನಮ್ಮ ಭಾವನವರದು ಪ್ರೀಮಿಯರ್ ಪದ್ಮಿನಿ. ಅವರ ಬಾಯಲ್ಲಿ ಅದು ಎಂದೂ ‘ಕಾರು’ ಅಲ್ಲ, ‘ಪದ್ಮಿನಿ’. ನಮ್ಮಕ್ಕನ ಬಾಯಲ್ಲಿ ‘ಅವಳು’. “ಎಲ್ಲಿ ಭಾವ?” ಅಂದರೆ “ಇನ್ನೆಲ್ಲಿ, ಅವಳ ಹತ್ತಿರ” ಅನ್ನುವ ಉತ್ತರ ಒಳಗಿನಿಂದ ಒಗ್ಗರಣೆಯ ಸದ್ದಿನ ಜೊತೆಗೇ ಬರುತ್ತದೆ. ಪದ್ಮಿನಿಯ ವಂಶಾವಳಿಯನ್ನು ಭಾವ ತಮ್ಮ ಗೋತ್ರ ಪ್ರವರಕ್ಕಿಂತ ಸ್ಪಷ್ಟವಾಗಿ ಹೇಳುತ್ತಾರೆ. ಮೂಲ ಇಟಲಿಯ ಫಿಯಟ್ 1100. 1964ರಿಂದ ಮುಂಬೈನ ಕುರ್ಲಾದ ಕಾರ್ಖಾನೆಯಲ್ಲಿ ‘ಡಿಲೈಟ್’ ಎಂಬ ಹೆಸರಿನಲ್ಲಿ ತಯಾರಿ. ಎಪ್ಪತ್ತರ ದಶಕದಲ್ಲಿ ರಜಪೂತ ರಾಣಿಯ ಹೆಸರಿನ ನಾಮಕರಣ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಹಿಂದುಗಡೆ ಪುಟ್ಟದಾಗಿ ಎದ್ದ ಎರಡು ರೆಕ್ಕೆ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕಡೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿದಾಗ ಭಾವ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡರು. ಆ ದಿನ ಅವರು ಸ್ನಾನ ಮಾಡಿದ್ದು ಎರಡು ಸಲ ಅಂತ ಅಕ್ಕ ಹೇಳುತ್ತಾಳೆ. ಅವಳ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

50 ವರ್ಷ ದಾಟಿದ ಕಾರಿಗೆ ‘ವಿಂಟೇಜ್’ ಎಂಬ ಪಟ್ಟ ಕಟ್ಟಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಎರಡಕ್ಷರ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಭಾವನವರ ಷಷ್ಟಿಪೂರ್ತಿ ಆಗಿಹೋಗಿದೆ, ಪದ್ಮಿನಿಗೆ ಐವತ್ತು ತುಂಬಲು ಇನ್ನೂ ಕೆಲವು ವರ್ಷ ಬೇಕು. ಆ ದಿನಕ್ಕಾಗಿ ಅವರು ಕ್ಯಾಲೆಂಡರ್ ನೋಡುತ್ತಿದ್ದಾರೆ. ಅಕ್ಕನೂ ನೋಡುತ್ತಿದ್ದಾಳೆ. “ವಿಂಟೇಜ್ ಆದ್ಮೇಲೆ ದಿನಾ ಓಡಿಸೋ ಹಾಗಿಲ್ಲವಂತೆ ಕಣೋ, ಮೆರವಣಿಗೆ ಪ್ರದರ್ಶನಕ್ಕೆ ಮಾತ್ರವಂತೆ. ಬೇಗ ಆಗಲಿ ಅಂತ ಚಾಮುಂಡಿಗೆ ಹೇಳ್ಕೊಂಡಿದೀನಿ.”

ಪದ್ಮಿನಿಯ ಎಡಗಡೆಯ ಇಂಡಿಕೇಟರ್ ಮುನಿಸಿಕೊಂಡ ಕಥೆಗೆ ಬರುವ ಮೊದಲು ಒಂದು ಪ್ರಶ್ನೆ ಇತ್ಯರ್ಥ ಮಾಡಿಕೊಳ್ಳೋಣ. ನಮ್ಮ ರಸ್ತೆಗಳಲ್ಲಿ ಇಂಡಿಕೇಟರ್ ಯಾಕೆ ಬೇಕು?

ಹೆದ್ದಾರಿಯಲ್ಲಿ ಲಾರಿಯೊಂದು ಬಲಗಡೆಯ ಇಂಡಿಕೇಟರ್ ಹಾಕಿದರೆ ಅದಕ್ಕೆ ಎರಡು ಅರ್ಥ. ಒಂದು, ‘ಮುಂದೆ ರಸ್ತೆ ಖಾಲಿ ಇದೆ, ನೀನು ಬಲಗಡೆಯಿಂದ ಹೋಗಪ್ಪಾ.’ ಇನ್ನೊಂದು, ‘ನಾನೇ ಬಲಕ್ಕೆ ತಿರುಗುತ್ತಿದ್ದೇನೆ, ಬಂದರೆ ಸಾಯುತ್ತೀಯಪ್ಪಾ.’ ಯಾವುದು ಎಂದು ಹಿಂದಿನವನು ಲಾರಿಯ ಬೆನ್ನಿನ ಬರಹ ಓದುತ್ತಾ ಊಹಿಸಬೇಕು. ಸರ್ಕಲ್‌ನಲ್ಲಿ ನೇರ ಹೋಗುವವರು ನಾಲ್ಕೂ ದೀಪ ಒಟ್ಟಿಗೆ ಹಾಕುತ್ತಾರೆ. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಆದ್ದರಿಂದ ಎರಡೂ ಎಂಬ ಈ ತರ್ಕದ ಮುಂದೆ ನ್ಯಾಯಶಾಸ್ತ್ರ ಓದಿದವರೂ ಕೈ ಮುಗಿಯಬೇಕು. ಆಟೋದವರಿಗೆ ಇಂಡಿಕೇಟರ್ ಅಂದರೆ ಬಲಕ್ಕೆ ಬಲಗೈ, ಎಡಕ್ಕೆ ಎಡಗಾಲು. ಬಲ್ಬು ಸುಡುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಮಳೆ ಬಂದರೂ ಕೆಲಸ ಮಾಡುತ್ತದೆ.

ಕೈಸನ್ನೆ ನಿಯಮದಲ್ಲೇ ಇದ್ದದ್ದು. 1989ರ ರಸ್ತೆ ನಿಯಮಗಳ ಪ್ರಕಾರ ಬಲಕ್ಕೆ ತಿರುಗುವವನು ಬಲಗೈಯನ್ನು ನೇರ ಹೊರಚಾಚಿ ಅಂಗೈ ಮುಂದೆ ಮಾಡಬೇಕಿತ್ತು. ಎಡಕ್ಕೆ ತಿರುಗುವವನೂ ಅದೇ ಬಲಗೈ ಚಾಚಿ, ಅದನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕಿತ್ತು. ಹುಟ್ಟಿದಾಗಿನಿಂದ ಪ್ರದಕ್ಷಿಣೆಯನ್ನೇ ಹಾಕಿಕೊಂಡು ಬಂದ ಕೈ ಅಷ್ಟು ಸುಲಭಕ್ಕೆ ಉಲ್ಟಾ ಸುತ್ತೀತೇ? ಭಾವನವರು ಅಗ್ರಹಾರದ ತಿರುವಿನಲ್ಲಿ ಒಮ್ಮೆ ಹಾಗೆ ಸುತ್ತಿಸಿದಾಗ ಹಿಂದಿನ ಸ್ಕೂಟರಿನವನು ತನ್ನನ್ನೇ ಕರೆಯುತ್ತಿದ್ದಾರೆ ಅಂದುಕೊಂಡು ಪಕ್ಕಕ್ಕೆ ಬಂದು, “ಏನ್ ಸಾರ್, ಅಡ್ರೆಸ್ ಬೇಕಿತ್ತಾ?” ಅಂದ.

ದೀಪಕ್ಕೂ ಮೊದಲು ತೋಳು ಇತ್ತು. ಎರಡು ಬಾಗಿಲುಗಳ ನಡುವಿನ ಕಂಬದೊಳಗೆ ಮಲಗಿರುತ್ತಿದ್ದ ಪುಟ್ಟ ತೋಳಿಗೆ ಟ್ರಾಫಿಕೇಟರ್ ಅನ್ನುತ್ತಿದ್ದರು. ಸ್ವಿಚ್ಚು ಹಾಕಿದರೆ ಒಳಗಿನ ಸೊಲೆನಾಯ್ಡ್ ಎಳೆದು, ತೋಳು ಅಡ್ಡಕ್ಕೆ ಚಾಚಿ, ಅದರೊಳಗಿನ ಸಣ್ಣ ಬಲ್ಬು ಹತ್ತುತ್ತಿತ್ತು. ಮೋರಿಸ್ ಮೈನರ್‌ಗೆ 1961ರ ತನಕವೂ ಇದೇ ತೋಳು. ಕೀಲಿಗೆ ತುಕ್ಕು ಹಿಡಿದರೆ ತೋಳು ಒಳಗೇ ಉಳಿಯುತ್ತಿತ್ತು. ಆಗ ಡ್ರೈವರು ಒಳಗಿನಿಂದ ಕಂಬಕ್ಕೆ ಒಂದು ಗುದ್ದು ಕೊಡಬೇಕು. ಗುದ್ದು ಬಿದ್ದದ್ದು ಕಂಬಕ್ಕೋ ಪಕ್ಕದಲ್ಲಿ ಕೂತ ಹೆಂಡತಿಗೋ ಎಂದು ದಾರಿಹೋಕರು ತಿರುಗಿ ನೋಡುತ್ತಿದ್ದರಂತೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಎಲ್ಲರೂ ಹಳೇ ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ, ಭಾವ ಆ ಬಾಗಿಲ ಕಂಬಗಳ ಹತ್ತಿರ ಬಗ್ಗಿ ಬಗ್ಗಿ ನೋಡಿ ಕಾವಲಿನವನ ಕಣ್ಣಿಗೆ ಬಿದ್ದಿದ್ದರು.

ಮಿಣುಕುವ ದೀಪವನ್ನು ಅಮೆರಿಕದ ಬ್ಯೂಕ್ ಕಂಪನಿ 1939ರಲ್ಲಿ ತನ್ನ ಕಾರುಗಳಿಗೆ ಕೂರಿಸಿ ದೊಡ್ಡದಾಗಿ ಪ್ರಚಾರ ಮಾಡಿತು. ಮಿಣುಕು ಬಂದಲ್ಲಿಗೆ ತಂಟೆಯೂ ಬಂತು. ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಸಾಮಾನು ಒದಗಿಸುತ್ತಿದ್ದ ಜೋಸೆಫ್ ಲ್ಯೂಕಸ್‌ಗೆ ಅಲ್ಲಿನ ಕಾರುಪ್ರಿಯರು ‘ಕತ್ತಲೆಯ ರಾಜಕುಮಾರ’ ಅಂತಲೇ ಬಿರುದು ಕೊಟ್ಟುಬಿಟ್ಟರು. ತಮಾಷೆಗೆ ಅಂದದ್ದು, ಪಾಪ. ಅರ್ಧ ಶತಮಾನ ಮಳೆಗೆ ನೆಂದ ತಂತಿಗೆ ಯಾರ ಹೆಸರು ಬರೆದಿದ್ದರೇನು?

ಈಗ ಕಥೆಗೆ ಬರೋಣ. ದಸರೆಗೆ ಮುಂಚೆ ಭಾವ ಪದ್ಮಿನಿಗೆ ಹೊಸ ಬಣ್ಣ ಹೊಡೆಸಿದರು. ಕೆನೆಬಣ್ಣ, ಕನ್ನಡಿ ಹೊಳಪು. ದೀಪಗಳನ್ನೆಲ್ಲ ಬಿಚ್ಚಿ, ಸಂದುಗೊಂದುಗಳಿಗೂ ಬಿಡದೆ ಹೊಡೆದ ಆ ಪೇಂಟರಿನ ಶ್ರದ್ಧೆಯನ್ನು ಭಾವ ಬಂದವರಿಗೆಲ್ಲ ವರ್ಣಿಸಿದರು. ಆಯುಧಪೂಜೆಯ ದಿನ ಬಾನೆಟ್ಟಿಗೆ ಅರಿಸಿನ ಕುಂಕುಮ, ಎರಡು ಕಡೆ ಬಾಳೆಕಂದು, ಸೇವಂತಿಗೆ ಹಾರ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬೂದುಗುಂಬಳ ಒಡೆದದ್ದೂ ಆಯಿತು. ನಿಂಬೆಹಣ್ಣು ಚಟಚಟ ಅನ್ನಿಸಿಕೊಂಡು ಪದ್ಮಿನಿ ಗೇಟು ದಾಟಿತು. ಭಾವ ಎಡಕ್ಕೆ ಕಡ್ಡಿ ಒತ್ತಿದರು. ಡ್ಯಾಶ್‌ಬೋರ್ಡಿನ ಹಸಿರು ದೀಪ ಒಮ್ಮೆ ಹತ್ತಿತು, ಹಾಗೇ ನಿಂತಿತು. ‘ಟಿಕ್’ ಅಂದದ್ದು ಮತ್ತೆ ‘ಟಿಕ್’ ಅನ್ನಲಿಲ್ಲ.

ಅವರು ಗಾಡಿ ನಿಲ್ಲಿಸಿ ಇಳಿದು ಹಿಂದೆ ಹೋಗಿ ನೋಡಿದ್ದೇ ತಡ, ಬೀದಿ ನೆರೆಯಿತು. ಆಯುಧಪೂಜೆಯ ದಿನ ಎಲ್ಲರಿಗೂ ರಜ, ಎಲ್ಲರ ಹೊಟ್ಟೆಯಲ್ಲೂ ಒಬ್ಬಟ್ಟು, ಮಾಡಲು ಕೆಲಸವಿಲ್ಲ.

“ದೃಷ್ಟಿ,” ಅಂದಳು ಅಕ್ಕ ಗೇಟಿನಿಂದಲೇ. “ಬಣ್ಣ ನೋಡಿ ಎಷ್ಟು ಜನ ಕಣ್ಣು ಹಾಕಿದ್ರು.”

“ಬ್ಯಾಟರಿ ವೀಕು,” ಅಂದರು ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅವರಿಗೆ ಬ್ಯಾಲೆನ್ಸ್ ಕಮ್ಮಿ ಇದೆ ಎಂದು ಹೇಳಿ ಅಭ್ಯಾಸ.

“ಅಂಕಲ್, ಎಲ್‌ಇಡಿ ಹಾಕ್ಸಿಬಿಡಿ,” ಅಂದ ಎದುರುಮನೆಯ ಸಾಫ್ಟ್‌ವೇರ್ ಹುಡುಗ. ಅವನ ಪ್ರಕಾರ ಲೋಕದಲ್ಲಿ ಹಳೆಯದೆಲ್ಲಕ್ಕೂ ಒಂದು ಅಪ್‌ಡೇಟ್ ಇದೆ.

ಹಾಲಿನವನು ಮಾತ್ರ, “ಬಿಡಿ ಸಾರ್, ಯಾರು ನೋಡ್ತಾರೆ?” ಅಂತ ಸೈಕಲ್ ಹತ್ತಿದ. ಆ ದಿನ ಅಲ್ಲಿ ಮೈಸೂರಿನ ಟ್ರಾಫಿಕ್ಕನ್ನು ಕಣ್ಣಿಟ್ಟು ನೋಡಿದವನು ಅವನೊಬ್ಬನೇ ಇರಬೇಕು.

ಭಾವ ಯಾರ ಮಾತನ್ನೂ ಕೇಳಲಿಲ್ಲ, ಎಲ್ಲರ ಮಾತಿನಂತೆಯೂ ನಡೆದರು. ಮೊದಲು ಅವರು ಸಂಶಯಪಟ್ಟದ್ದು ಫ್ಲಾಷರ್ ಮೇಲೆ. ಇದರಲ್ಲಿ ಅವರದೇನೂ ತಪ್ಪಿಲ್ಲ. ಜಗತ್ತಿನ ಯಾವ ಮೂಲೆಯಲ್ಲಾದರೂ ಇಂಡಿಕೇಟರ್ ನಿಂತರೆ ಮೊದಲು ಅಪರಾಧಿ ಎನಿಸಿಕೊಳ್ಳುವುದು ಆ ತಗಡಿನ ಡಬ್ಬಿಯೇ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅದು ಮುಷ್ಟಿಯೊಳಗೆ ಹಿಡಿಯುವಷ್ಟಿರುತ್ತದೆ. ಟಿಕ್ ಟಿಕ್ ಸದ್ದು ಹೊರಡುವುದು ಅಲ್ಲಿಂದ. ಈಗಿನ ಕಾರುಗಳಲ್ಲಿ ಸ್ಪೀಕರಿನಿಂದ ಹೊರಡುವ ನಕಲಿ ಟಿಕ್ ಟಿಕ್ ಕೇಳುತ್ತೀರಲ್ಲ, ಅದರ ಅಸಲಿ ತಾತ ಇವನು.

ಡಬ್ಬಿಯೊಳಗಿನ ಕೆಲಸ ಮಾತ್ರ ಸೊಗಸು. ಬಿಗಿಯಾಗಿ ಎಳೆದು ಕಟ್ಟಿದ ಒಂದು ಸಣ್ಣ ತಂತಿ ಕಾಂಟ್ಯಾಕ್ಟನ್ನು ದೂರ ಹಿಡಿದಿರುತ್ತದೆ. ಸ್ವಿಚ್ಚು ಹಾಕಿದರೆ ಕರೆಂಟು ಆ ತಂತಿಯ ಮೂಲಕ ಹಾದು ಅದನ್ನು ಬಿಸಿ ಮಾಡುತ್ತದೆ. ಬಿಸಿಯಾದ ತಂತಿ ಕೂದಲೆಳೆಯಷ್ಟು ಉದ್ದವಾಗುತ್ತದೆ, ಹಿಡಿತ ಸಡಿಲವಾಗಿ ಕಾಂಟ್ಯಾಕ್ಟ್ ಕೂಡುತ್ತದೆ, ದೀಪ ಹತ್ತುತ್ತದೆ. ಕೂಡಿದ ಕೂಡಲೇ ಕರೆಂಟು ತಂತಿಯನ್ನು ಬಿಟ್ಟು ಸಲೀಸು ದಾರಿ ಹಿಡಿಯುತ್ತದೆ, ತಂತಿ ಆರುತ್ತದೆ, ಕುಗ್ಗುತ್ತದೆ, ಕಾಂಟ್ಯಾಕ್ಟನ್ನು ಮತ್ತೆ ಎಳೆಯುತ್ತದೆ, ದೀಪ ಆರುತ್ತದೆ. ಕೆಲವು ಡಬ್ಬಿಗಳಲ್ಲಿ ತಂತಿಯ ಬದಲು ಎರಡು ಲೋಹ ಬೆಸೆದ ಪಟ್ಟಿ ಬಿಸಿಗೆ ಬಾಗಿ ಇದೇ ಕೆಲಸ ಮಾಡುತ್ತದೆ. ಚಿಪ್ಪಿಲ್ಲ, ಪ್ರೋಗ್ರಾಂ ಇಲ್ಲ, ಬಿಸಿ ಮತ್ತು ತಂಪು ಅಷ್ಟೇ. ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು ಎಂಬುದು ನಿಯಮ. ಆ ಲೆಕ್ಕವನ್ನು ಒಂದು ಬಿಸಿ ತಂತಿ ಸಂಭಾಳಿಸುತ್ತದೆ.

ಈ ಡಬ್ಬಿಗೆ ಗೊತ್ತಿರುವ ವಿಷಯ ಒಂದೇ, ತನ್ನ ಮೂಲಕ ಎಷ್ಟು ಕರೆಂಟು ಹೋಗುತ್ತಿದೆ ಎಂಬುದು. ಹಿಂದೊಂದು ಮುಂದೊಂದು 21 ವಾಟಿನ ಬಲ್ಬು, ಒಟ್ಟು 42 ವಾಟು. 12 ವೋಲ್ಟಿನ ಬ್ಯಾಟರಿಗೆ ಮೂರೂವರೆ ಆಂಪಿಯರ್. ಅಷ್ಟು ಹರಿದರೆ ಡಬ್ಬಿಯ ತಾಳ ಸರಿ. ಒಂದು ಬಲ್ಬು ಕೈಕೊಟ್ಟು ಅರ್ಧಕ್ಕಿಳಿದರೆ ತಾಳ ತಪ್ಪುತ್ತದೆ. ಜಾತಿಗೆ ತಕ್ಕಂತೆ ಒಂದು ನಿಂತೇ ಬಿಡುತ್ತದೆ, ಇನ್ನೊಂದು ಗಡಿಬಿಡಿಯಲ್ಲಿ ಮಿಣುಕುತ್ತದೆ. ಹಾಗೆ ತಾಳ ತಪ್ಪುವುದು ಡಬ್ಬಿ ಕೆಟ್ಟದ್ದರ ಗುರುತಲ್ಲ, ಎಲ್ಲೋ ಒಂದು ದೀಪ ಗೈರುಹಾಜರು ಎಂದು ಅದು ಹೇಳುವ ರೀತಿ. ಚಾಡಿ ಹೇಳಿದವನನ್ನೇ ಹಿಡಿದು ಬಡಿಯುವುದು ನಮ್ಮ ಪದ್ಧತಿ. ಭಾವ ಬೆಂಗಳೂರಿಗೆ ಹೋಗುವವರ ಕೈಲಿ ಜೆ.ಸಿ. ರೋಡಿನಿಂದ ಹೊಸ ಫ್ಲಾಷರ್ ತರಿಸಿದರು. ಹಾಕಿದರು. ಎಡಕ್ಕೆ ಒತ್ತಿದರು. ಹೊಸ ಫ್ಲಾಷರೂ ಒಮ್ಮೆ ಹತ್ತಿ ಹಾಗೇ ನಿಂತಿತು.

ಆಮೇಲೆ ಎಲ್‌ಇಡಿ ಬಂತು. ಎದುರುಮನೆಯ ಹುಡುಗ ತಾನೇ ಫೋನಿನಲ್ಲಿ ತರಿಸಿ, ತಾನೇ ನಾಲ್ಕೂ ಕಡೆ ಹಾಕಿಕೊಟ್ಟ. ಆ ಕ್ಷಣದ ತನಕ ಸರಿಯಾಗಿದ್ದ ಬಲಗಡೆಯೂ ನಿಂತುಹೋಯಿತು! ಎಲ್‌ಇಡಿಗೆ ಬೇಕಾದದ್ದು ಒಂದೆರಡು ವಾಟು. ಅಷ್ಟು ಚಿಲ್ಲರೆ ಕರೆಂಟಿಗೆ ಬಿಸಿ ತಂತಿ ಬಿಸಿಯೇ ಆಗುವುದಿಲ್ಲ. ಬಿಸಿಯಾಗದೆ ಡಬ್ಬಿ ಮಿಣುಕುವುದಾದರೂ ಹೇಗೆ? ಎಲ್‌ಇಡಿ ಹಾಕಬೇಕೆಂದರೆ ಕರೆಂಟಿನ ಹಂಗಿಲ್ಲದ ಎಲೆಕ್ಟ್ರಾನಿಕ್ ಫ್ಲಾಷರನ್ನೂ ಹಾಕಬೇಕು. ಅದನ್ನು ಕಟ್ಟುವಾಗ ಪ್ಲಸ್ಸು ಮೈನಸ್ಸು ನೋಡಿಕೊಳ್ಳಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಂತೂ ಪ್ಲಸ್ಸೇ ಬಾಡಿಗೆ ಕಟ್ಟಿರುವುದುಂಟು, ಅಲ್ಲಿ ಇವು ಉಲ್ಟಾ ಹೊಡೆಯುತ್ತವೆ. “ಅಂಕಲ್, ಕಂಪ್ಯಾಟಿಬಿಲಿಟಿ ಇಶ್ಯೂ” ಅಂತ ಹುಡುಗ ತನ್ನ ಬಲ್ಬುಗಳನ್ನು ಜೇಬಿಗೆ ಹಾಕಿಕೊಂಡ.

“ನೋಡು, ಇದ್ದ ಒಂದು ಕಡೇನೂ ತೆಗೆದ,” ಅಂದರು ಭಾವ ನನ್ನ ಕಡೆ ತಿರುಗಿ.

“ಹೋಗ್ಲಿ ಬಿಡಿ ಭಾವ, ಈಗ ಎರಡು ಕಡೆಗೂ ಸಮಾನ ನ್ಯಾಯ,” ಅಂದೆ. ಅವರು ಮಾತು ಬಿಟ್ಟರು. ಅಕ್ಕನಿಗೆ ನೆಮ್ಮದಿಯಾಯಿತು.

ಹಳೇ ಬಲ್ಬುಗಳು ಮರಳಿ ಕೂತವು, ಬಲಗಡೆ ಮತ್ತೆ ಟಿಕ್ ಟಿಕ್ ಅಂದಿತು, ಎಡಗಡೆಯದು ಹಳೇ ಹಟ. ಆಗ ಬಂದರು ಮೇಸ್ತ್ರಿ. ಅವರೊಬ್ಬ ಹಳೇ ಕಾಲದ ಆಟೋ ಎಲೆಕ್ಟ್ರಿಷಿಯನ್. ಅಂಗಡಿಗೆ ಬೋರ್ಡಿಲ್ಲ, ಬಾಗಿಲಿಗೆ ಕಟ್ಟಿದ ಹಳೇ ಡೈನಮೋವೇ ಬೋರ್ಡು. ಕಿವಿಯ ಮೇಲೆ ಬೀಡಿ, ಕೈಯಲ್ಲಿ ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪ್ ಅಂದರೆ ಏನೋ ವಿಲಾಯಿತಿ ಸಾಮಾನು ಅಂದುಕೊಳ್ಳಬೇಡಿ. ಒಂದು 12 ವೋಲ್ಟಿನ ಬಲ್ಬು, ಅದಕ್ಕೆ ಬೆಸುಗೆ ಹಾಕಿದ ಎರಡು ವೈರು, ಒಂದು ವೈರಿನ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಚೂಪು ಮೊಳೆ.

ಅವರು ಬಾನೆಟ್ ಎತ್ತಲಿಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಲಿಲ್ಲ. ನಿಂತಲ್ಲೇ ಕೇಳಿದರು: “ಬಲಗಡೆ ಬರ್ತದಾ?”

“ಬಲಗಡೆ ಚೆನ್ನಾಗಿದೆ ಮೇಸ್ತ್ರಿ, ಎಡಗಡೇದು ಕೆಟ್ಟಿರೋದು,” ಅಂದರು ಭಾವ, ಇವರಿಗೆ ಕಿವಿ ಸರಿಯಿಲ್ಲ ಅಂದುಕೊಂಡು.

“ಬರ್ತದೆ ಅನ್ನಿ. ಹಂಗಾರೆ ಫ್ಲಾಷರ್ ಯಾಕೆ ತಂದ್ರಿ?”

ಬೀದಿಯೆಲ್ಲ ಸೇರಿ ಅಷ್ಟು ಹೊತ್ತು ನಡೆಸಿದ ವಿಚಾರಣೆ ಆ ಒಂದು ಪ್ರಶ್ನೆಗೆ ಕುಸಿಯಿತು. ಎಡಕ್ಕೂ ಬಲಕ್ಕೂ ಬ್ಯಾಟರಿ ಒಂದೇ, ಫ್ಯೂಸ್ ಒಂದೇ, ಫ್ಲಾಷರ್ ಒಂದೇ. ಬಲಗಡೆ ಸರಿಯಾದ ತಾಳದಲ್ಲಿ ಮಿಣುಕುತ್ತಿದೆ ಅಂದರೆ ಆ ಮೂವರೂ ನಿರಪರಾಧಿಗಳು. ದೋಷ ಇರುವುದೇನಿದ್ದರೂ ಸ್ವಿಚ್ಚಿನಿಂದ ಆಚೆಗೆ, ಎಡಗಡೆಗೆ ಮಾತ್ರ ಸೇರಿದ ದಾರಿಯಲ್ಲಿ. ಒಂದು ರೂಪಾಯಿ ಖರ್ಚಿಲ್ಲದೆ ಮುಕ್ಕಾಲು ಕಾರು ಸಂಶಯದಿಂದ ಪಾರಾಯಿತು. ಕೆಟ್ಟ ಕಡೆಯನ್ನು ಸುತ್ತುಗಟ್ಟಿ ನಿಂತಿದ್ದವರಲ್ಲಿ ಒಬ್ಬರೂ ಸರಿಯಿದ್ದ ಕಡೆಯನ್ನು ಒಂದು ಮಾತು ಕೇಳಿರಲಿಲ್ಲ. ನಮ್ಮ ಜನರ ಸ್ವಭಾವವೇ ಇದು. ಫೇಲಾದ ಮಗನನ್ನು ಕೂರಿಸಿಕೊಂಡು ರಾತ್ರಿಯಿಡೀ ವಿಚಾರಿಸುತ್ತೇವೆ, ಪಾಸಾದ ಮಗಳು ಓದಿದ್ದು ಹೇಗೆ ಅಂತ ಕೇಳುವುದಿಲ್ಲ.

ಮೇಸ್ತ್ರಿ ಹಿಂದೆ ಬಂದರು. “ಎಡಕ್ಕೆ ಹಾಕಿ,” ಅಂದರು. ಭಾವ ಹಾಕಿದರು. ಹಿಂದುಗಡೆಯ ಹಳದಿ ದೀಪ ಮಂಕಾಗಿ ಹತ್ತಿತು. ಅದರ ಪಕ್ಕದ ಕೆಂಪು ದೀಪವೂ, ಯಾರೂ ಕರೆಯದಿದ್ದರೂ, ಮಂಕಾಗಿ ಹತ್ತಿತು. ಮೇಸ್ತ್ರಿ ಅಂಗೈ ಅಡ್ಡ ಹಿಡಿದು ಬಿಸಿಲು ಮರೆಮಾಡಿ ಬಲಗಡೆಯ ಬ್ರೇಕ್ ದೀಪ ತೋರಿಸಿದರು. ಅದರೊಳಗಿನ ತಂತಿಯೂ ಅಷ್ಟಿಷ್ಟು ಕೆಂಪಗಾಗಿತ್ತು. ಭಾವನವರ ಕಾಲು ಬ್ರೇಕಿನ ಮೇಲಿರಲಿಲ್ಲ. ಅಕ್ಕ ‘ದೃಷ್ಟಿ’ ಅನ್ನಲು ಬಾಯಿ ತೆರೆದಳು.

“ಅರ್ಥ್ ಇಲ್ಲ,” ಅಂದರು ಮೇಸ್ತ್ರಿ.

ಹಳೇ ಕಾರಿನಲ್ಲಿ ದೀಪಕ್ಕೆ ಹೋಗುವ ವೈರು ಒಂದೇ. ವಾಪಸ್ ಬರುವ ದಾರಿ ಕಾರಿನ ಮೈ. ಬಲ್ಬಿನಿಂದ ಹೋಲ್ಡರಿಗೆ, ಹೋಲ್ಡರಿನಿಂದ ಬಾಡಿಯ ತಗಡಿಗೆ, ತಗಡಿನಿಂದ ಬ್ಯಾಟರಿಗೆ. ಮದುವೆಗೆ ಹೋಗುವ ಬಸ್ಸಿನ ಬಗ್ಗೆ ಮನೆಯವರೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ವಾಪಸ್ ಬರುವ ಬಸ್ಸಿನ ವಿಚಾರವನ್ನು ಛತ್ರ ಖಾಲಿಯಾದ ಮೇಲೆ ಯೋಚಿಸುವ ಹಾಗೆ, ಕಾರಿನ ದೀಪ ಹತ್ತದಿದ್ದರೆ ಎಲ್ಲರೂ ಕರೆಂಟು ಬರುತ್ತಿದೆಯಾ ಅಂತ ನೋಡುತ್ತಾರೆ, ಹಿಂತಿರುಗುತ್ತಿದೆಯಾ ಅಂತ ನೋಡುವುದಿಲ್ಲ. ಹಿಂತಿರುಗುವ ದಾರಿ ಕಟ್ಟಿದ್ದರೆ ಕರೆಂಟು ಸುಮ್ಮನೆ ಕೂರುವುದಿಲ್ಲ. ಅದೇ ಗೂಡಿನಲ್ಲಿರುವ ಕೆಂಪು ದೀಪದ ಎಳೆಯೊಳಗೆ ನುಗ್ಗಿ, ಅದರ ವೈರು ಹಿಡಿದು ಬಲಗಡೆಯ ದೀಪಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಇಳಿಯುತ್ತದೆ. ಸುತ್ತುದಾರಿಯಲ್ಲಿ ಸುಸ್ತಾಗಿ ಎಲ್ಲವೂ ಮಂಕು. ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ಹತ್ತುವುದು, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುವುದು ಮುಂತಾದ ದೆವ್ವದ ಚೇಷ್ಟೆಗಳೆಲ್ಲ ಈ ಒಂದೇ ಕಾರಣಕ್ಕೆ.

ಮೇಸ್ತ್ರಿ ಒಂದು ಉದ್ದ ವೈರು ತೆಗೆದು, ಅದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಟ್ಟಿ, ಇನ್ನೊಂದನ್ನು ಎಡಗಡೆಯ ದೀಪದ ಹಿತ್ತಾಳೆ ಹೋಲ್ಡರಿಗೆ ಮುಟ್ಟಿಸಿದರು. ಟಿಕ್ ಟಿಕ್ ಟಿಕ್! ಹಳದಿ ದೀಪ ಪ್ರಕಾಶಮಾನವಾಗಿ ಮಿಣುಕಿತು, ಕೆಂಪು ದೀಪಗಳು ತೆಪ್ಪಗಾದವು. ವೈರು ತೆಗೆದರು, ನಿಂತಿತು. ಮುಟ್ಟಿಸಿದರು, ಮಿಣುಕಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೂ ಬೇಡ.

ಮತ್ತೆ ದೀಪದ ಗೂಡು ಬಿಚ್ಚಿದರು. ಗೂಡು ಕೂರುವ ಜಾಗದಲ್ಲಿ, ಸ್ಕ್ರೂ ಹಿಡಿಯುವ ತೂತಿನ ಸುತ್ತ, ಕೆನೆಬಣ್ಣದ ಪೇಂಟು ದಪ್ಪಗೆ, ನುಣ್ಣಗೆ, ಒಂದಿಷ್ಟೂ ಲೋಹ ಕಾಣದ ಹಾಗೆ ಕೂತಿತ್ತು. ಸಂದುಗೊಂದುಗಳಿಗೂ ಬಿಡದೆ ಹೊಡೆದ ಶ್ರದ್ಧೆ! ಪೇಂಟಿನ ಮೂಲಕ ಕರೆಂಟು ಹರಿಯುವುದಿಲ್ಲ. ಬಲಗಡೆ ಗೂಡು ಬಿಗಿಯುವಾಗ ಸ್ಕ್ರೂ ಹೇಗೋ ಬಣ್ಣವನ್ನು ಗೀರಿಕೊಂಡು ತಗಡು ಮುಟ್ಟಿತ್ತು, ಎಡಗಡೆ ಮುಟ್ಟಿರಲಿಲ್ಲ. ಮೇಸ್ತ್ರಿ ಉಪ್ಪುಕಾಗದದ ಚೂರಿನಿಂದ ಆ ತೂತಿನ ಸುತ್ತ ಎಂಟಾಣೆ ಅಗಲ ಉಜ್ಜಿ ಬಿಳಿ ಲೋಹ ಕಾಣಿಸಿದರು. ಹೋಲ್ಡರಿನ ಒಳಗಿನ ಹಸಿರು ಕಿಲುಬನ್ನೂ ಉಜ್ಜಿದರು. ಸ್ಕ್ರೂಗೆ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಕಿರುಬೆರಳಲ್ಲಿ ಒಂದಿಷ್ಟು ವ್ಯಾಸಲೀನ್ ಸವರಿದರು, ನೀರು ಕೂತು ಮತ್ತೆ ತುಕ್ಕು ಹಿಡಿಯದಿರಲಿ ಅಂತ. ಅವರು ಉಜ್ಜುತ್ತಿದ್ದಷ್ಟು ಹೊತ್ತೂ ಭಾವನವರ ಮುಖ ನೋಡಬೇಕಿತ್ತು. ಹೊಸ ಬಣ್ಣದ ಮೇಲೆ ಉಪ್ಪುಕಾಗದ ಆಡಿದ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದರು.

ನಿಮ್ಮ ಶೆಡ್ಡಿನಲ್ಲೂ ಒಂದು ಪದ್ಮಿನಿಯೋ ಅಂಬಾಸಿಡರೋ ಮುನಿಸಿಕೊಂಡಿದ್ದರೆ, ಮೇಸ್ತ್ರಿಯಿಂದ ಕಲಿತ ಕ್ರಮ ಹೇಳಿಬಿಡುತ್ತೇನೆ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನಮ್ಮ ಬೀದಿಯವರಿಗಿಂತ ನಾನೇನು ಕಮ್ಮಿ?

ಎರಡು ಕಡೆಯೂ ಇಲ್ಲವೆಂದರೆ ಮಾತ್ರ ಫ್ಯೂಸಿನ ಹತ್ತಿರ ಹೋಗಿ. ಅದೇ ಫ್ಯೂಸಿನಿಂದ ಕರೆಂಟು ತಿನ್ನುವ ವೈಪರ್, ಪೆಟ್ರೋಲ್ ಮುಳ್ಳು ಮುಂತಾದವೂ ಸತ್ತಿದ್ದರೆ ಸಂಶಯವೇ ಬೇಡ. ಫ್ಯೂಸ್ ಚೆನ್ನಾಗಿದ್ದು ಅದನ್ನು ಹಿಡಿಯುವ ಕ್ಲಿಪ್ಪು ಕಿಲುಬು ಹಿಡಿದಿರುವುದೂ ಉಂಟು. ಹಳೆಯದನ್ನು ತೆಗೆದು ತಿರುಗಿಸಿ ಮತ್ತೆ ಹಾಕಿದರೇ ಎಷ್ಟೋ ಸಲ ಜೀವ ಬರುತ್ತದೆ. ಹಿಂದಿನ ಮಾಲೀಕ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿದ್ದರೆ ಅವನನ್ನು ಬೈದು, ಕಾಗದ ಕಿತ್ತು, ಸರಿಯಾದ ಫ್ಯೂಸ್ ಹಾಕಿ. ಬೆಳ್ಳಿಕಾಗದ ಉರಿಯುವುದಿಲ್ಲ, ಅದರ ಬದಲು ಕಾರು ಉರಿಯುತ್ತದೆ.

ಫ್ಯೂಸ್ ಸರಿಯಿದ್ದರೆ ಫ್ಲಾಷರಿನ ಸರದಿ. ಡಬ್ಬಿಗೆ ಬರುವ ವೈರು, ಡಬ್ಬಿಯಿಂದ ದೀಪಕ್ಕೆ ಹೋಗುವ ವೈರು, ಲ್ಯೂಕಸ್ ಡಬ್ಬಿಯಲ್ಲಾದರೆ ಬಿ ಮತ್ತು ಎಲ್ ಎಂದು ಗುರುತಿದ್ದವು, ಆ ಎರಡನ್ನೂ ಒಂದು ತುಂಡು ವೈರಿನಿಂದ ಕೂಡಿಸಿ. ಸ್ವಿಚ್ಚು ಹಾಕಿದಾಗ ದೀಪ ಮಿಣುಕದೆ ಸ್ಥಿರವಾಗಿ ಹತ್ತಿದರೆ ಮಿಕ್ಕದ್ದೆಲ್ಲ ಸರಿ, ಡಬ್ಬಿಯೇ ಕಳ್ಳ. ಆಗ ಜೆ.ಸಿ. ರೋಡಿಗೆ ಹೋಗಿ, ಮೊದಲಲ್ಲ. ಆಗಲೂ ಹತ್ತದಿದ್ದರೆ ಸ್ಟೇರಿಂಗ್ ಕಡ್ಡಿಯ ಬುಡದ ಸ್ವಿಚ್ಚಿನಲ್ಲಿ ಕಾಂಟ್ಯಾಕ್ಟಿಗೆ ಮಸಿ ಕೂತಿರಬೇಕು.

ಒಂದೇ ಕಡೆ ಇಲ್ಲವೆಂದರೆ ಬಲ್ಬು, ಹೋಲ್ಡರು, ಅರ್ಥು, ವೈರು, ಈ ಸರದಿಯಲ್ಲಿ. ಬಲ್ಬು ನೋಡುವಾಗ ವಾಟು ನೋಡಿ. ಅಂಗಡಿಯವನು ‘ಎಲ್ಲಾ ಒಂದೇ ಸಾರ್’ ಅಂತ 10 ವಾಟಿನದನ್ನು ಕೊಟ್ಟಿದ್ದರೆ ಡಬ್ಬಿಯ ತಾಳ ಅಲ್ಲೇ ತಪ್ಪುತ್ತದೆ. ಕೆಂಪು ದೀಪದ 21/5 ವಾಟಿನ ಎರಡೆಳೆ ಬಲ್ಬಿಗೆ ಎರಡು ಕಿವಿ ಮೇಲೆ ಕೆಳಗೆ ಇರುತ್ತವೆ, ಒಂದೆಳೆಯದಕ್ಕೆ ಸಮ. ಕಿವಿ ಹಿಂಡಿ ತುರುಕಿದ ಮಹನೀಯರೂ ಇದ್ದಾರೆ. ವೈರಿನ ವಿಚಾರಕ್ಕೆ ಬಂದರೆ ಇಲಿಯನ್ನು ಮರೆಯಬೇಡಿ. ಓಡದೆ ನಿಂತ ಕಾರು ಇಲಿಯ ಪಾಲಿಗೆ ಬಾಡಿಗೆಯಿಲ್ಲದ ಮನೆ, ವೈರು ಊಟ.

ಎರಡೂ ಕಡೆ ಮಿಣುಕುತ್ತದೆ, ಆದರೆ ಸರ್ಕಲ್‌ನಲ್ಲಿ ನಿಂತಾಗ ನಿಧಾನ, ಆಕ್ಸಿಲರೇಟರ್ ಒತ್ತಿದರೆ ಚುರುಕು ಎಂದಾದರೆ ಗಾಬರಿ ಬೇಡ. ಡೈನಮೋ ಇರುವ ಕಾರು ನಿಂತಲ್ಲಿ ಸರಿಯಾಗಿ ಚಾರ್ಜ್ ಮಾಡುವುದಿಲ್ಲ. ವೋಲ್ಟೇಜ್ ಇಳಿದರೆ ಬಿಸಿ ತಂತಿಯೂ ನಿಧಾನಕ್ಕೆ ಬಿಸಿಯಾಗುತ್ತದೆ. ಹಾರ್ಡಿಂಜ್ ಸರ್ಕಲ್‌ನಲ್ಲಿ ಎಲ್ಲ ಕಡೆಯಿಂದ ನುಗ್ಗುವವರ ನಡುವೆ ನಿಂತಾಗ ಭಾವನವರ ಜೀವ ಬಾಯಿಗೆ ಬರುತ್ತದೆ, ಪದ್ಮಿನಿ ಮಾತ್ರ ಟಿಕ್... ಟಿಕ್... ಎಂದು ಆರಾಮಾಗಿ ಯೋಚನೆ ಮಾಡುತ್ತಾ ನಿಂತಿರುತ್ತದೆ.

ಮೇಸ್ತ್ರಿ ಹೋಗುವಾಗ ಭಾವ ಕೇಳಿದರು, “ಎಷ್ಟಾಯ್ತು?” “ಉಪ್ಪುಕಾಗದಕ್ಕೆ ಏನ್ ತಗೊಳ್ಳೋದು ಸ್ವಾಮಿ? ಆ ಫ್ಲಾಷರ್ ಬ್ಯಾಡಾ ಅಂದ್ರೆ ಕೊಡಿ,” ಅಂದರು ಅವರು. ಹೊಸ ಫ್ಲಾಷರ್ ಮೇಸ್ತ್ರಿಯ ಜೇಬು ಸೇರಿತು. ಇನ್ಯಾವುದೋ ಬೀದಿಯಲ್ಲಿ ಇನ್ಯಾರೋ ಭಾವನಿಗೆ ಅದು ನಿಜಕ್ಕೂ ಬೇಕಾಗಿರುತ್ತದೆ.

ಈಗ ಎರಡು ಕಡೆಯೂ ಚೊಕ್ಕಟ. ಒಂದು ಸಣ್ಣ ಬಾಕಿ ಉಳಿದಿದೆ. ತಿರುವು ಮುಗಿದು ಸ್ಟೇರಿಂಗ್ ನೇರವಾದಾಗ, ಅದರ ಬುಡದ ಒಂದು ಗುಬುಟು ಬಂದು ಕಡ್ಡಿಯನ್ನು ತಟ್ಟಿ ತಾನಾಗಿ ಇಳಿಸಬೇಕು. ಪದ್ಮಿನಿಯ ಗುಬುಟು ಸವೆದುಹೋಗಿದೆ. ತಾನಾಗಿ ಇಳಿಯುವುದಿಲ್ಲ, ಕೈಯಿಂದ ಇಳಿಸಬೇಕು. ಭಾವನಿಗೆ ಅದು ನೆನಪಿರುವುದಿಲ್ಲ. ಮೊನ್ನೆ ಕೆ.ಆರ್. ಸರ್ಕಲ್ ಹತ್ತಿರ ಬಲಕ್ಕೆ ಹಾಕಿದ ಇಂಡಿಕೇಟರ್ ನಂಜನಗೂಡಿನ ರಸ್ತೆಯುದ್ದಕ್ಕೂ ಮಿಣುಕುತ್ತಲೇ ಹೋಯಿತು. ಹಿಂದೆ ಬರುತ್ತಿದ್ದ ಕಾರು, ಬೈಕು, ಕಬ್ಬಿನ ಟ್ರ್ಯಾಕ್ಟರ್ ಎಲ್ಲವೂ ಇವರು ಈಗ ತಿರುಗಿಯಾರು, ಈಗ ತಿರುಗಿಯಾರು ಅಂತ ಕಾದು ಕಾದು ಹಾರನ್ ಒತ್ತುತ್ತಿದ್ದವು.

“ಭಾವ, ಇಂಡಿಕೇಟರ್ ಆಫ್ ಮಾಡಿ, ಹಿಂದಿನವರು ಬೈತಿದಾರೆ,” ಅಂದೆ.

ಭಾವ ಕನ್ನಡಿಯಲ್ಲಿ ಒಮ್ಮೆ ನೋಡಿ, ಟಿಕ್ ಟಿಕ್ ಸದ್ದನ್ನು ಒಂದು ಕ್ಷಣ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು. “ಇಷ್ಟು ಕಷ್ಟಪಟ್ಟು ಹತ್ತಿಸಿದೀವಿ, ಇರಲಿ ಬಿಡಯ್ಯಾ. ಯಾವತ್ತಾದರೂ ಒಂದಿನ ಬಲಕ್ಕೆ ತಿರುಗೋದೇ ತಾನೇ?”